ಇಲಿಗೆ ಯಾವ ಮದ್ದು: ಕೇಕೋ, ಪುಡಿಯೋ, ಬೋನೋ?

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಗುಡ್ಡೆ, ಗದ್ದೆ, ತೋಟದ ಇಲಿಗಳೆಲ್ಲ ಮನೆ ಕಡೆಗೆ ಬರುತ್ತವೆ. ಬಿಲಕ್ಕೆ ನೀರು ನುಗ್ಗಿರುತ್ತದೆ. ಮನೆಯಲ್ಲಾದರೆ ಬೆಚ್ಚಗಿನ ಅಟ್ಟ ಇದೆ, ಕೊಬ್ಬರಿ ಇದೆ, ಡಬ್ಬದಲ್ಲಿ ಹಪ್ಪಳ, ಮೂಲೆಯಲ್ಲಿ ಹಲಸಿನ ಬೀಜ, ಹಟ್ಟಿಯಲ್ಲಿ ಹಿಂಡಿ. ಇನ್ನೇನು ಬೇಕು? ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಅಂಗಡಿಗಳಲ್ಲಿ ಆಗ ಇಲಿ ಮದ್ದು ಕೇಳುವವರು ಜಾಸ್ತಿ. ಹೆಚ್ಚಿನವರ ಪ್ರಶ್ನೆ ಒಂದೇ: "ಸ್ಟ್ರಾಂಗ್ ಯಾವುದು?"

ಇಲಿಯನ್ನು ಕೊಲ್ಲುವಷ್ಟು ಸ್ಟ್ರಾಂಗ್ ಎಲ್ಲವೂ ಇವೆ. ಕೇಳಬೇಕಾದ್ದು ಬೇರೆ. ಇದನ್ನು ಮಗುವೋ ನಾಯಿಯೋ ತಿಂದರೆ ಪ್ರತಿಮದ್ದು ಇದೆಯಾ? ಆಸ್ಪತ್ರೆಗೆ ತಲುಪುವಷ್ಟು ಸಮಯ ಸಿಗುತ್ತದಾ? ಗಡಿಯ ಈಚೆ, ಕೇರಳದಲ್ಲಿ ಇರುವ ನಮಗೆ ದೊಡ್ಡ ಆಸ್ಪತ್ರೆ ಅಂದರೆ ಈಗಲೂ ಮಂಗಳೂರು. ಒಳಗಿನ ಹಳ್ಳಿಯಿಂದ ಒಂದೂವರೆ ಗಂಟೆಯ ದಾರಿ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಹಾಗಾಗಿ ನಿಧಾನವಾಗಿ ಕೊಲ್ಲುವ, ಪ್ರತಿಮದ್ದು ಇರುವ ವಿಷವೇ ನಮಗೆ ಸರಿ. ವಿಚಿತ್ರ ಅನ್ನಿಸಬಹುದು, ಆದರೆ ಇಲಿ ಹಿಡಿಯುವ ಲೆಕ್ಕದಲ್ಲೂ ನಿಧಾನದ ಮದ್ದೇ ಗೆಲ್ಲುತ್ತದೆ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಬಂದಿರುವುದು ಯಾರು?

ಮದ್ದು ತರುವ ಮೊದಲು ಹಿಕ್ಕೆ ನೋಡಿ. ಅಕ್ಕಿಕಾಳಿನಷ್ಟು ಸಣ್ಣದು, ಅಲ್ಲಲ್ಲಿ ಚೆಲ್ಲಿದಂತೆ ಬಿದ್ದಿದ್ದರೆ ಚಿಟ್ಟಿಲಿ. ಒಂದು ಸೆಂಟಿಮೀಟರಿಗಿಂತ ಉದ್ದ, ತುದಿ ಚೂಪು ಇದ್ದರೆ ಅಟ್ಟದ ಇಲಿ. ತೆಂಗಿನ ಮರ ಹತ್ತಿ ಬೊಂಡ ತೂತು ಮಾಡುವುದೂ ಇದೇ ಜಾತಿ. ಅಂಗಳದ ಬದಿಯಲ್ಲಿ, ಹಟ್ಟಿಯ ಪಂಚಾಂಗದ ಹತ್ತಿರ ಮುಷ್ಟಿ ಹೋಗುವಷ್ಟು ದೊಡ್ಡ ಬಿಲ, ಎದುರಿಗೆ ಮಣ್ಣಿನ ರಾಶಿ ಕಂಡರೆ ಹೆಗ್ಗಣ.

ರಾತ್ರಿ ಗೋಡೆ ಬದಿಯಲ್ಲೇ ಚಿಕ್ ಚಿಕ್ ಅಂತ ಓಡುವ, ನಾತ ಬರುವ, ಉದ್ದ ಮೂತಿಯ ಸೊಂಡಿಲಿ ಇಲಿಯೇ ಅಲ್ಲ. ಅದು ಜಿರಳೆ, ಹುಳ ತಿಂದು ಬದುಕುವ ಪ್ರಾಣಿ. ಅದಕ್ಕೆ ಮದ್ದು ಇಟ್ಟು ದುಡ್ಡು ಹಾಳು ಮಾಡಬೇಡಿ. ಬಾಗಿಲ ಸಂದು ಮುಚ್ಚಿದರೆ ಸಾಕು.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ ಇವುಗಳ ಸ್ವಭಾವವೇ ಬೇರೆ. ಚಿಟ್ಟಿಲಿಗೆ ಕುತೂಹಲ ಜಾಸ್ತಿ. ಹೊಸ ವಸ್ತು ಕಂಡರೆ ಅದೇ ರಾತ್ರಿ ಬಂದು ಮೂಸುತ್ತದೆ. ಆದರೆ ಒಂದೇ ಕಡೆ ಹೊಟ್ಟೆ ತುಂಬ ತಿನ್ನುವುದಿಲ್ಲ, ಹತ್ತು ಕಡೆ ಚೂರು ಚೂರು ಕಚ್ಚುತ್ತದೆ. ದೊಡ್ಡ ಇಲಿ ಹೆದರುಪುಕ್ಕಲು. ಹೊಸ ಬೋನು, ಹೊಸ ಕೇಕು ಕಂಡರೆ ಮೂರ್ನಾಲ್ಕು ದಿನ, ಕೆಲವೊಮ್ಮೆ ವಾರ, ಹತ್ತಿರ ಸುಳಿಯುವುದಿಲ್ಲ. ನಾವು ಎರಡು ರಾತ್ರಿ ನೋಡಿ "ಈ ಮದ್ದು ಪ್ರಯೋಜನ ಇಲ್ಲ" ಅಂತ ಎತ್ತಿ ಬೇರೆ ಕಡೆ ಇಡುತ್ತೇವೆ. ಅಲ್ಲಿಗೆ ಅದರ ಲೆಕ್ಕ ಮತ್ತೆ ಮೊದಲಿನಿಂದ ಶುರು.

ಕಪ್ಪು ಪುಡಿ

ನಮ್ಮ ಹಿರಿಯರು ಇಲಿ ಪಾಷಾಣ ಅಂತ ತರುತ್ತಿದ್ದ ಕಪ್ಪು ಪುಡಿ ಹೆಚ್ಚಾಗಿ ಜಿಂಕ್ ಫಾಸ್ಫೈಡ್. ಹೊಟ್ಟೆಯ ಆಮ್ಲ ತಾಗಿದ ಕೂಡಲೇ ಅದರಿಂದ ಫಾಸ್ಫೀನ್ ಅನ್ನುವ ವಿಷದ ಅನಿಲ ಏಳುತ್ತದೆ. ಒಂದು ಸಲ ಸಾಕಷ್ಟು ತಿಂದರೆ ಒಂದು ದಿನದೊಳಗೆ ಇಲಿ ಸಾಯುತ್ತದೆ. ಬೆಳಗ್ಗೆ ಎದ್ದಾಗ ಹೆಣ ಕಣ್ಣೆದುರು ಇರುತ್ತದೆ. ಜನ ಇದನ್ನು ಮೆಚ್ಚುವುದು ಈ ಕಾರಣಕ್ಕೆ.

ತೊಂದರೆ ಇರುವುದು ಅರೆಬರೆ ತಿಂದ ಇಲಿಯಲ್ಲಿ. ಅದಕ್ಕೆ ಹೊಟ್ಟೆ ಕೆಡುತ್ತದೆ, ಆದರೆ ಸಾಯುವುದಿಲ್ಲ. ಆ ರುಚಿ, ಆ ವಾಸನೆ ನೆನಪಿಟ್ಟುಕೊಂಡು ಮುಂದೆ ಅದರ ಹತ್ತಿರ ಹೋಗುವುದಿಲ್ಲ. "ನಮ್ಮ ಮನೆ ಇಲಿ ಭಾರೀ ಬುದ್ಧಿವಂತ" ಅನ್ನುವುದರ ಹಿಂದಿನ ಕಥೆ ಇದು. ಅದಕ್ಕೇ ಈ ಪುಡಿ ಬಳಸುವ ಮೊದಲು ಎರಡು ಮೂರು ದಿನ ವಿಷ ಹಾಕದ ಅಕ್ಕಿಗೆ ಎಣ್ಣೆ ಸವರಿ ಅದೇ ಜಾಗದಲ್ಲಿ ಇಟ್ಟು ರೂಢಿ ಮಾಡಿಸಬೇಕು. ಇಷ್ಟು ತಾಳ್ಮೆ ಎಷ್ಟು ಜನರಿಗಿದೆ?

ಅದಕ್ಕಿಂತ ದೊಡ್ಡ ಮಾತು: ಇದಕ್ಕೆ ಪ್ರತಿಮದ್ದು ಇಲ್ಲ. ಆಸ್ಪತ್ರೆಯಲ್ಲಿ ಲಕ್ಷಣ ನೋಡಿ ಚಿಕಿತ್ಸೆ ಮಾಡುತ್ತಾರೆ ಅಷ್ಟೇ. ತೋಟದ ಅಂಚಿನಲ್ಲಿ, ಹೆಗ್ಗಣದ ಬಿಲದ ಒಳಗೆ ಹಾಕಿ ಬಾಯಿ ಮುಚ್ಚುವುದಕ್ಕೆ, ಅದೂ ಕೈ ಪಳಗಿದವರು ಮಾಡುವುದಾದರೆ, ಇದು ನಡೆದೀತು. ಮನೆಯ ಗೋಡೆಯ ಒಳಗೆ ಬೇಡ.

ಪೇಸ್ಟು ಮತ್ತು ಮಾತ್ರೆ

ಈ ಎರಡನ್ನು ಹೋಲಿಕೆಗೆ ತೆಗೆದುಕೊಳ್ಳುವುದೇ ಬೇಡ.

ಟ್ಯೂಬಿನಲ್ಲಿ ಬರುವ ಹಳದಿ ರಂಜಕದ ಪೇಸ್ಟು ಯಕೃತ್ತನ್ನು ಹಾಳು ಮಾಡುತ್ತದೆ. ಮೋಸದ ವಿಷ ಇದು. ತಿಂದವರಿಗೆ ಮೊದಲು ಸ್ವಲ್ಪ ವಾಂತಿ ಆಗಿ, ಆಮೇಲೆ ಒಂದೆರಡು ದಿನ ಆರಾಮ ಅನ್ನಿಸುತ್ತದೆ. ಮನೆಯವರು "ಗಂಡಾಂತರ ಕಳೆಯಿತು" ಅಂದುಕೊಳ್ಳುವ ಹೊತ್ತಿಗೆ ಕಣ್ಣು ಹಳದಿಯಾಗುತ್ತದೆ. ಇದಕ್ಕೂ ಪ್ರತಿಮದ್ದು ಇಲ್ಲ. ಪಕ್ಕದ ತಮಿಳುನಾಡು ಸರ್ಕಾರ ಇದನ್ನು ನಿಷೇಧಿಸಿದೆ. ಬಿಸ್ಕತ್ತಿಗೋ ಟೊಮೆಟೊಗೋ ಸವರಿ ಇಡುವ ರೂಢಿ ನಿಮ್ಮ ಮನೆಯಲ್ಲಿದ್ದರೆ ಇಂದೇ ನಿಲ್ಲಿಸಿ.

ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆ ಗೋದಾಮಿನ ಧಾನ್ಯಕ್ಕೆ ಹಾಕುವಂಥದ್ದು. ಗಾಳಿಯ ತೇವ ಸಾಕು, ಅದರಿಂದ ಅನಿಲ ಏಳುತ್ತದೆ. ನಮ್ಮ ಮಳೆಗಾಲದ ಗಾಳಿಯಲ್ಲಿ ತೇವಕ್ಕೇನು ಬರ? ಮನೆ ಬಳಕೆಗೆ ಇದನ್ನು ಮಾರುವಂತೆಯೇ ಇಲ್ಲ. 2024ರ ನವೆಂಬರ್‌ನಲ್ಲಿ ಚೆನ್ನೈ ಹತ್ತಿರದ ಕುಂದ್ರತ್ತೂರಿನಲ್ಲಿ ಮನೆಯೊಳಗೆ ಇಟ್ಟಿದ್ದ ಇಲಿ ವಿಷದ ಗಾಳಿ ಉಸಿರಾಡಿ ಇಬ್ಬರು ಪುಟ್ಟ ಮಕ್ಕಳು ತೀರಿಕೊಂಡರು. ಮುಚ್ಚಿದ ಕೋಣೆಯಲ್ಲಿ ಇಂಥದ್ದು ಎಂಥ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನೊಂದು, ಫ್ಯೂರಡಾನ್ ಹರಳನ್ನು ಅನ್ನಕ್ಕೆ ಕಲಸಿಡುವುದು. ಅದು ಇಲಿ ಮದ್ದೇ ಅಲ್ಲ, ಬೆಳೆಯ ಕೀಟನಾಶಕ. ಕೇರಳ ಸರ್ಕಾರ 2011ರಲ್ಲೇ ನಿಷೇಧಿಸಿದ ಪಟ್ಟಿಯಲ್ಲಿ ಅದೂ ಇದೆ. ಎಂಡೋಸಲ್ಫಾನ್ ಏನು ಮಾಡಿತು ಅಂತ ಎಣ್ಮಕಜೆ, ಪಡ್ರೆಯ ಕಡೆ ಕಣ್ಣಾರೆ ಕಂಡ ಜಿಲ್ಲೆ ನಮ್ಮದು. ಯಾವುದೋ ಮೂಲೆಯಲ್ಲಿ ಉಳಿದ ಹಳೇ ವಿಷವನ್ನು ಊಟದ ಅನ್ನಕ್ಕೆ ಕಲಸುವ ಧೈರ್ಯ ನಮಗಾದರೂ ಬರಬಾರದು, ಅಲ್ವಾ?

ಮೇಣದ ಕೇಕು

ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ನೀಲಿ, ಹಸಿರು ಬಣ್ಣದ ಕೇಕಿನಲ್ಲಿರುವುದು ಬ್ರೋಮಡಿಯೋಲೋನ್. ಪೊಟ್ಟಣದ ಮೇಲೆ 0.005% ಅಂತ ಇರುತ್ತದೆ. ಅಂದರೆ ಒಂದು ಕಿಲೋದಲ್ಲಿ 50 ಮಿಲಿಗ್ರಾಂ ಮಾತ್ರ ವಿಷ. ಉಳಿದದ್ದು ಧಾನ್ಯ, ಮೇಣ, ಬಣ್ಣ.

ಇದು ಕೆಲಸ ಮಾಡುವ ರೀತಿ ಬೇರೆ. ರಕ್ತ ಹೆಪ್ಪುಗಟ್ಟಲು ದೇಹಕ್ಕೆ ವಿಟಮಿನ್ ಕೆ ಬೇಕು. ಬಳಸಿದ ವಿಟಮಿನ್ ಕೆಯನ್ನು ಯಕೃತ್ತು ಮತ್ತೆ ಮತ್ತೆ ತಯಾರು ಮಾಡಿಕೊಳ್ಳುತ್ತದೆ. ಈ ಮದ್ದು ಅದನ್ನೇ ತಡೆಯುತ್ತದೆ. ಮೊದಲಿದ್ದ ದಾಸ್ತಾನು ಮುಗಿಯುವವರೆಗೆ ಇಲಿಗೆ ಏನೂ ಆಗುವುದಿಲ್ಲ. ಆಮೇಲೆ ಒಳಗೊಳಗೇ ರಕ್ತ ಸೋರಿ, ಮೂರರಿಂದ ಏಳು ದಿನದಲ್ಲಿ ಸಾಯುತ್ತದೆ. ಸೋಮವಾರ ತಿಂದದ್ದಕ್ಕೂ ಗುರುವಾರದ ಸುಸ್ತಿಗೂ ಇಲಿ ಸಂಬಂಧ ಕಟ್ಟಲಾರದು. ಹಾಗಾಗಿ ಅನುಮಾನವಿಲ್ಲದೆ ಮತ್ತೆ ಬಂದು ತಿನ್ನುತ್ತದೆ, ಜೊತೆಯವೂ ತಿನ್ನುತ್ತವೆ. ನಿಧಾನದ ಮದ್ದು ಗೆಲ್ಲುತ್ತದೆ ಅಂದದ್ದು ಇದಕ್ಕೇ.

ನಮಗೂ ಅದೇ ನಿಧಾನ ಉಪಕಾರಿ. ವಿಟಮಿನ್ ಕೆ1 ಇದರ ಪ್ರತಿಮದ್ದು. ನಾಯಿ ಕೇಕು ತಿಂದದ್ದು ಕಂಡ ದಿನವೇ ವೆಟರ್ನರಿ ಡಾಕ್ಟರ ಹತ್ತಿರ ಹೋದರೆ ಹೆಚ್ಚಾಗಿ ಉಳಿಯುತ್ತದೆ. ಮಾತ್ರೆ ಮಾತ್ರ ವಾರಗಟ್ಟಲೆ ಕೊಡಬೇಕಾಗುತ್ತದೆ, ಮಧ್ಯದಲ್ಲಿ ನಿಲ್ಲಿಸಬಾರದು.

ಈ ಜಾತಿಯ ಮದ್ದಿನ ಹುಟ್ಟು ಹಟ್ಟಿಯಲ್ಲೇ ಆಯಿತು ಅನ್ನಬಹುದು. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಸ್ಟು ಹಿಡಿದ ಒಣಹುಲ್ಲು ತಿಂದ ದನಗಳು ರಕ್ತ ನಿಲ್ಲದೆ ಸಾಯತೊಡಗಿದವು. ಅದರ ಕಾರಣ ಹುಡುಕುತ್ತಾ ಹೋದವರಿಗೆ ಡೈಕುಮರಾಲ್ ಸಿಕ್ಕಿತು, ಅದರ ದಾರಿಯಲ್ಲಿ ವಾರ್ಫರಿನ್. 1948ರಲ್ಲಿ ವಾರ್ಫರಿನ್ ಇಲಿ ಮದ್ದಾಗಿ ಮಾರುಕಟ್ಟೆಗೆ ಬಂತು. ಹೃದಯದ ವಾಲ್ವ್ ಬದಲಾಯಿಸಿದವರು ರಕ್ತ ತೆಳುವಾಗಲು ನುಂಗುವ ಮಾತ್ರೆಗಳಲ್ಲಿ ಅದೂ ಒಂದು. ಅಂಥವರು ಮನೆಯಲ್ಲಿದ್ದರೆ ಕೇಕು ಮುಟ್ಟುವ ಕೆಲಸ ಬೇರೆಯವರು ಮಾಡಲಿ. ಹತ್ತು ವರ್ಷದೊಳಗೆ, 1958ರಲ್ಲಿ, ವಾರ್ಫರಿನ್‌ಗೆ ಬಗ್ಗದ ಇಲಿಗಳು ಸ್ಕಾಟ್ಲೆಂಡಿನಲ್ಲಿ ಕಂಡವು. ಬ್ರೋಮಡಿಯೋಲೋನ್‌ನಂಥ ಎರಡನೇ ತಲೆಮಾರಿನ ಮದ್ದುಗಳು ಬಂದದ್ದು ಆಮೇಲೆ.

ಈ ಬಲಕ್ಕೆ ಒಂದು ಬೆಲೆ ಇದೆ. ಬ್ರೋಮಡಿಯೋಲೋನ್ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮದ್ದು ತಿಂದು ತೂಗಾಡುವ ಇಲಿಯನ್ನು ಬೆಕ್ಕು ಹಿಡಿದರೆ, ಗೂಬೆ ಹಿಡಿದರೆ, ಅವಕ್ಕೂ ಹೋಗುತ್ತದೆ. ಪುಕ್ಕಟೆ ಇಲಿ ಹಿಡಿಯುವ ಕೆಲಸದವರನ್ನೇ ಕೊಂದಂತೆ. ಇದಕ್ಕೆ ಸ್ವಲ್ಪ ಮೆದು ಆಯ್ಕೆ ಕೌಮಟೆಟ್ರಾಲಿಲ್. ಅದು ಮೊದಲ ತಲೆಮಾರಿನದ್ದು, ರಾಕ್ಯುಮಿನ್ ಎಂಬ ಹೆಸರಲ್ಲಿ ಬರುತ್ತದೆ. ಇಲಿ ಇದನ್ನು ಸತತವಾಗಿ ಕೆಲವು ದಿನ ತಿನ್ನಬೇಕು, ಒಂದು ಸಲ ಕಚ್ಚಿದರೆ ಸಾಲದು. ದೇಹದಲ್ಲಿ ಉಳಿಯುವ ಕಾಲ ಕಡಿಮೆ, ಹಾಗಾಗಿ ಬೆಕ್ಕು ಗೂಬೆಗಳಿಗೆ ಅಪಾಯವೂ ಕಡಿಮೆ. ದಿನಾ ನೋಡಿ ತುಂಬಿಸುವ ವ್ಯವಧಾನ ಇದ್ದು, ಮನೆಯಲ್ಲಿ ಬೆಕ್ಕು ಇದ್ದರೆ ಇದನ್ನು ಹುಡುಕಿ ತರಿಸಿಕೊಳ್ಳುವುದು ಒಳ್ಳೆಯದು. ಉಳಿದವರಿಗೆ ಬ್ರೋಮಡಿಯೋಲೋನ್ ಕೇಕು.

ಕೇಕೇ ಯಾಕೆ, ಕಾಳಿನ ಮದ್ದು ಯಾಕಲ್ಲ? ಒಂದು, ನಮ್ಮ ಮಳೆಗೆ ಕಾಳು ಎರಡು ದಿನದಲ್ಲಿ ಬೂಸ್ಟು ಹಿಡಿಯುತ್ತದೆ. ಮೇಣ ತಡೆದುಕೊಳ್ಳುತ್ತದೆ. ಎರಡು, ಕೇಕನ್ನು ತಂತಿಯಲ್ಲಿ ಪೋಣಿಸಿ ಕಟ್ಟಬಹುದು, ಇಲಿ ಎತ್ತಿಕೊಂಡು ಹೋಗಿ ಅಕ್ಕಿ ಡಬ್ಬದ ಹಿಂದೆ ಬಚ್ಚಿಡಲು ಆಗುವುದಿಲ್ಲ. ಮೂರು, ನೋಡಿದರೆ ತಿಂಡಿಯಂತೆ ಕಾಣುವುದಿಲ್ಲ. ಈ ಮೂರನೆಯದನ್ನು ಹಗುರವಾಗಿ ನೋಡಬೇಡಿ. 2024ರಲ್ಲಿ ಆಲಪ್ಪುಳ ಜಿಲ್ಲೆಯಲ್ಲಿ ಇಲಿಗೆಂದು ವಿಷ ಹಾಕಿಟ್ಟ ತೆಂಗಿನಕಾಯಿಯನ್ನು ಗೊತ್ತಿಲ್ಲದೆ ತಿಂದ ಶಾಲಾ ಹುಡುಗಿಯೊಬ್ಬಳು ತೀರಿಕೊಂಡಳು. ಶಾಲೆಯಿಂದ ಹಸಿದು ಬಂದ ಮಗುವಿಗೆ ಕಾಯಿ ಚೂರು ಕಂಡರೆ ಬಾಯಿಗೆ ಹಾಕದೆ ಇರುತ್ತದಾ? ಕಾಯಿ, ಅನ್ನ, ಬಾಳೆಹಣ್ಣು, ಬಿಸ್ಕತ್ತು, ಇವ್ಯಾವುದಕ್ಕೂ ವಿಷ ಸೇರಿಸಬಾರದು. ಇಲಿಗೆ ಇಷ್ಟವಾದ ವಾಸನೆ ಬೇಕಿದ್ದರೆ ಬೋನಿನಲ್ಲಿ ಹುರಿದ ಕಾಯಿ ಚೂರು ಇಡಿ, ವಿಷ ಇಲ್ಲದೆ.

ಗ್ಲಿರಿಸೀಡಿಯಾದ ಮಾತು

ಬೇಲಿಗೆ, ಸೊಪ್ಪಿಗೆ ಎಲ್ಲರೂ ನೆಟ್ಟಿರುವ ಗ್ಲಿರಿಸೀಡಿಯಾದ ತೊಗಟೆಯನ್ನು ಭತ್ತದ ಜೊತೆ ಬೇಯಿಸಿ, ಒಣಗಿಸಿ ಇಲಿಗೆ ಇಡುವ ಉಪಾಯ ಕೇಳಿರಬಹುದು. ಸುಮ್ನೆ ಕಟ್ಟುಕಥೆ ಅಲ್ಲ. ಅದರಲ್ಲಿರುವ ಕೂಮರಿನ್ ಕೊಳೆತಾಗ ಮೇಲೆ ಹೇಳಿದ ಡೈಕುಮರಾಲ್ ಆಗಿ ಬದಲಾಗಬಲ್ಲದು. ಮಧ್ಯ ಅಮೆರಿಕದಲ್ಲಿ ಇದನ್ನು ಇಲಿಗೆ ಬಳಸಿದ್ದು ಹಳೇ ರೂಢಿ. ಆದರೆ ಒಂದು ಸಲ ಮಾಡಿದ್ದರ ಬಲ ಇನ್ನೊಂದು ಸಲ ಇರುವುದಿಲ್ಲ. ಎಷ್ಟು ಬಲವಿದೆ ಅಂತ ಅಳೆಯುವ ದಾರಿ ನಮ್ಮ ಹತ್ತಿರ ಇಲ್ಲ. ಮೇಲಾಗಿ ನೋಡಲು ಭತ್ತವೇ, ಕೋಳಿ ಬಂದು ಹೆಕ್ಕುತ್ತದೆ. ತೋಟದಲ್ಲಿ ಪ್ರಯೋಗ ಮಾಡುವ ಹುಮ್ಮಸ್ಸಿನವರು ಮಾಡಲಿ. ಮನೆಗೆ ನಾನು ಶಿಫಾರಸು ಮಾಡುವುದಿಲ್ಲ. ಸಿಮೆಂಟು ಹಿಟ್ಟು ಕಲಸುವುದು, ಪ್ಲಗ್ಗಿಗೆ ಹಾಕುವ ಸದ್ದಿನ ಯಂತ್ರ, ಇವುಗಳ ಮೇಲೂ ಭರವಸೆ ಇಡಬೇಡಿ. ಸದ್ದಿಗೆ ಇಲಿ ಬೇಗ ಒಗ್ಗಿಕೊಳ್ಳುತ್ತದೆ.

ಬೋನು ಎಲ್ಲಿ ಮೇಲು

ವಿಷದ ಅಂಗಡಿಯವರು ಹೇಳುವ ಒಂದು ಮಾತಿದೆ: "ಇದನ್ನು ತಿಂದ ಇಲಿ ನೀರು ಹುಡುಕಿ ಹೊರಗೆ ಹೋಗಿ ಸಾಯುತ್ತದೆ." ನಂಬಬೇಡಿ. ಸುಸ್ತಾದ ಇಲಿ ತನ್ನ ಗೂಡಿಗೇ ಹೋಗುತ್ತದೆ. ಹಳೇ ಹಂಚಿನ ಮನೆಗಳ ಮುಚ್ಚಿಗೆಯ ಮೇಲೆ, ಹಲಗೆಯ ಸಂದಿಯಲ್ಲಿ ಸತ್ತರೆ ವಾರಗಟ್ಟಲೆ ನಾತ. ಹಲಗೆ ಕೀಳಿಸದೆ ಬೇರೆ ದಾರಿ ಇರುವುದಿಲ್ಲ. ಪೂಜೆ, ತಿಥಿ, ಮದುವೆ ಹತ್ತಿರ ಇರುವಾಗ ಅಟ್ಟದಲ್ಲಿ ಮದ್ದು ಇಡುವವರನ್ನು ಕಂಡರೆ ನನಗೆ ಭಯ.

ಹಾಗಾಗಿ ಅಡಿಗೆಮನೆ, ಉಗ್ರಾಣ, ಮುಚ್ಚಿಗೆ, ಇಲ್ಲಿಗೆಲ್ಲ ಮೊದಲ ಆಯ್ಕೆ ಬೋನು. ಒಂದೆರಡು ಚಿಟ್ಟಿಲಿ ಇದ್ದರೆ ಸ್ಪ್ರಿಂಗಿನ ಕತ್ತರಿ ಬೋನು ಸಾಕು. ಒಂದು ಇಟ್ಟು ಕಾಯುವ ಬದಲು ನಾಲ್ಕೈದು ಒಟ್ಟಿಗೆ, ಗೋಡೆಗೆ ಅಡ್ಡವಾಗಿ, ತಿಂಡಿ ಇರುವ ತುದಿ ಗೋಡೆ ಕಡೆಗೆ ಮಾಡಿ ಇಡಿ. ದೊಡ್ಡ ಇಲಿಗೆ ತಂತಿಯ ಬೋನು. ಮೊದಲ ಮೂರ್ನಾಲ್ಕು ರಾತ್ರಿ ಬಾಗಿಲು ಬೀಳದಂತೆ ಕಟ್ಟಿ, ಒಳಗೆ ತಿಂಡಿ ಇಟ್ಟು ಬಿಡಿ. ಅದು ಹೋಗಿ ಬಂದು ಮಾಡಿ ಧೈರ್ಯ ಬಂದ ಮೇಲೆ ಕಟ್ಟು ಬಿಚ್ಚಿ.

ಹಿಡಿದ ಇಲಿಯನ್ನು ಏನು ಮಾಡುವುದು ಅನ್ನುವುದು ನಮ್ಮ ಕಡೆ ದೊಡ್ಡ ಚರ್ಚೆ. ಕೊಲ್ಲಲು ಮನಸ್ಸು ಬಾರದೆ ತೋಡಿನ ಆಚೆ ಬಿಟ್ಟು ಬರುವವರಿದ್ದಾರೆ. ತೋಡಿನ ಆಚೆಯವರೂ ಅವರ ಇಲಿಯನ್ನು ಈಚೆ ತಂದು ಬಿಡುತ್ತಾರೆ ಅಂತ ನನ್ನ ಗುಮಾನಿ. ಹತ್ತಿರ ಬಿಟ್ಟರೆ ತಿರುಗಿ ಬರುತ್ತದೆ. ದೂರ ಬಿಟ್ಟರೆ ಇನ್ನೊಬ್ಬರ ತಲೆನೋವು.

ಅಂಟು ಹಲಗೆ ಬೇಡವೇ ಬೇಡ. ಇಲಿ ಗಂಟೆಗಟ್ಟಲೆ ಒದ್ದಾಡಿ ಸಾಯುತ್ತದೆ, ಹಲ್ಲಿ, ಓತಿ, ಕೆಲವೊಮ್ಮೆ ಹಾವಿನ ಮರಿಯೂ ಸಿಕ್ಕಿಬೀಳುತ್ತವೆ. ಹಲವು ರಾಜ್ಯಗಳು ಇದನ್ನು ನಿಷೇಧಿಸಿವೆ.

ಹೊರಗೆ, ಹಟ್ಟಿಯಲ್ಲಿ, ತೋಟದಲ್ಲಿ

ಹಟ್ಟಿ, ಸೌದೆ ಕೊಟ್ಟಿಗೆ, ಪಂಪ್‌ಶೆಡ್, ಬೈಹುಲ್ಲಿನ ಬುಡ, ಇಲ್ಲಿ ಬೋನಿನಿಂದ ಪೂರೈಸುವುದಿಲ್ಲ. ಇಲ್ಲೇ ಕೇಕಿನ ಕೆಲಸ. ಎರಡೂವರೆ ಮೂರು ಇಂಚಿನ ಹಳೇ ಪಿವಿಸಿ ಪೈಪನ್ನು ಒಂದೂವರೆ ಅಡಿಗೆ ತುಂಡು ಮಾಡಿ. ನಡುವೆ ತಂತಿಯಿಂದ ಕೇಕು ಬಿಗಿಯಿರಿ. ಪೈಪನ್ನು ಗೋಡೆಯ ಬುಡಕ್ಕೆ ಒತ್ತಿ ಕಟ್ಟಿ. ಕೋಳಿ, ನಾಯಿ, ದನದ ಬಾಯಿ ಒಳಗೆ ಹೋಗುವುದಿಲ್ಲ, ಮಳೆ ಬೀಳುವುದಿಲ್ಲ, ಇಲಿಗೆ ಕತ್ತಲೆಯ ದಾರಿ ಸಿಕ್ಕಿ ಖುಷಿ. ದೊಡ್ಡ ಇಲಿಗೆ ಐದರಿಂದ ಹತ್ತು ಮೀಟರಿಗೊಂದು, ಚಿಟ್ಟಿಲಿಗೆ ಎರಡು ಮೂರು ಮೀಟರಿಗೊಂದು ಚಿಕ್ಕ ತುಂಡು. ಎರಡು ದಿನಕ್ಕೊಮ್ಮೆ ನೋಡಿ, ತಿಂದಷ್ಟು ತುಂಬಿಸಿ. ಹತ್ತು ಹದಿನೈದು ದಿನದಲ್ಲಿ ತಿನ್ನುವುದು ನಿಲ್ಲಬೇಕು. ನಿಂತ ಮೇಲೆ ಎಲ್ಲ ತೆಗೆಯಿರಿ. ವರ್ಷವಿಡೀ ಸುಮ್ಮನೆ ಇಟ್ಟುಬಿಡುವುದು ಬೆಕ್ಕಿಗೂ ಗೂಬೆಗೂ ಕೆಟ್ಟದ್ದು.

ಕೇಕು ಮುಟ್ಟುತ್ತಲೇ ಇಲ್ಲ ಅಂತಾದರೆ ಬ್ರಾಂಡ್ ಬದಲಾಯಿಸುವ ಮೊದಲು ಸುತ್ತ ನೋಡಿ. ಹಿಂಡಿಯ ಗೋಣಿ ತೆರೆದೇ ಇದ್ದರೆ, ಹಲಸಿನ ಬೀಜ ನೆಲದಲ್ಲಿ ರಾಶಿ ಇದ್ದರೆ, ಮೇಣ ಕಚ್ಚುವ ಕರ್ಮ ಇಲಿಗೆ ಯಾಕೆ? ಹಿಂಡಿಯನ್ನು ಮುಚ್ಚಳವಿರುವ ಡ್ರಮ್ಮಿಗೆ ಹಾಕಿದ ಮೇಲೆ ಅದೇ ಕೇಕು ಎರಡೇ ರಾತ್ರಿಯಲ್ಲಿ ಖಾಲಿ ಆಗುವುದುಂಟು. ಸಂದುಗಳನ್ನೂ ಮುಚ್ಚಬೇಕು. ಪೆನ್ನು ತೂರುವ ಸಂದಿನಲ್ಲಿ ಚಿಟ್ಟಿಲಿ ತೂರುತ್ತದೆ, ಹೆಬ್ಬೆರಳು ಹೋದರೆ ದೊಡ್ಡ ಇಲಿಯೂ ಬರುತ್ತದೆ.

ತೆಂಗಿನ ಗರಿ ಮಾಡಿಗೆ ತಾಗುತ್ತಿದ್ದರೆ ಅದು ಇಲಿಗೆ ಸೇತುವೆ. ಕಡಿದು ಬಿಡಿ. ಬೊಂಡ ಉದುರುವುದು ಜಾಸ್ತಿಯಾದರೆ ಕೂಡ್ಲಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಹೇಳುವ ಎರಡು ದಾರಿ ಇವೆ. ಕಾಂಡಕ್ಕೆ ನೆಲದಿಂದ ಎರಡು ಮೀಟರ್ ಎತ್ತರದಲ್ಲಿ 40 ಸೆಂಟಿಮೀಟರ್ ಅಗಲದ ತಗಡು ಸುತ್ತುವುದು ಒಂದು. ಐದು ಮರಕ್ಕೊಂದರಂತೆ ತಲೆಯಲ್ಲಿ 10 ಗ್ರಾಂ ಬ್ರೋಮಡಿಯೋಲೋನ್ ಕೇಕನ್ನು 12 ದಿನದ ಅಂತರದಲ್ಲಿ ಎರಡು ಸಲ ಇಡುವುದು ಇನ್ನೊಂದು. ಮರಗಳು ದೂರ ದೂರ ಇದ್ದರೆ ತಗಡೇ ಒಳ್ಳೆಯದು, ಒಮ್ಮೆ ಹೊಡೆದರೆ ವರ್ಷಗಟ್ಟಲೆ ನಿಶ್ಚಿಂತೆ. ಗರಿಗೆ ಗರಿ ತಾಗುವ ತೋಟದಲ್ಲಿ ತಗಡಿನಿಂದ ಏನೂ ಆಗದು, ಇಲಿ ಮೇಲಿಂದ ಮೇಲೆಯೇ ದಾಟುತ್ತದೆ. ಕೊಕ್ಕೋ ಕಾಯಿ ಕೊರೆಯುವ ಇಲಿಗೂ ಕೇಕು ನಡೆಯುತ್ತದೆ. ಪ್ರಮಾಣವನ್ನು ಪಂಚಾಯತಿನ ಕೃಷಿಭವನದಲ್ಲಿ ಕೇಳಿ.

ಯಾರಾದರೂ ತಿಂದರೆ

ಯಾವ ಮದ್ದೇ ಆಗಲಿ, ಪೊಟ್ಟಣವನ್ನು ಎಸೆಯಬೇಡಿ. ಆಸ್ಪತ್ರೆಗೆ ಹೋಗುವಾಗ ಅದನ್ನೂ ಒಯ್ಯಿರಿ. ಒಳಗೆ ಏನಿತ್ತು ಅಂತ ಗೊತ್ತಾದರೆ ಡಾಕ್ಟರ ಅರ್ಧ ಕೆಲಸ ಮುಗಿಯಿತು. ಹಾಲು, ಎಣ್ಣೆ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ. ಪೇಸ್ಟು ತಿಂದವರಿಗೆ ಎಣ್ಣೆ, ಹಾಲಿನ ಕೊಬ್ಬು ಇನ್ನಷ್ಟು ಕೆಡುಕು. ಕೇಕು ತಿಂದ ಮಗು ಆಡಿಕೊಂಡಿದೆ ಅಂತ ಸುಮ್ಮನಿರಬೇಡಿ. ರಕ್ತಸ್ರಾವ ಶುರುವಾಗುವುದು ಎರಡು ಮೂರು ದಿನ ಕಳೆದು. ಹತ್ತಿರದ ಆಸ್ಪತ್ರೆಗೆ ಆ ದಿನವೇ ಹೋಗಿ, ಅವರು ಬೇಕಾದರೆ ಮಂಗಳೂರಿಗೋ ಕಣ್ಣೂರು ಜಿಲ್ಲೆಯ ಪರಿಯಾರ ಮೆಡಿಕಲ್ ಕಾಲೇಜಿಗೋ ಕಳಿಸುತ್ತಾರೆ.

ಸತ್ತ ಇಲಿಯನ್ನು ಬರಿಗೈಯಲ್ಲಿ ಎತ್ತಬೇಡಿ. ಮಳೆಗಾಲದಲ್ಲಿ ಇಲಿಜ್ವರ ನಮ್ಮ ಕಡೆ ಇದ್ದೇ ಇದೆ, ಅದು ಇಲಿಯ ಮೂತ್ರದಿಂದ ಬರುವಂಥದ್ದು. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿ ಎತ್ತಿ, ಬಾವಿ ತೋಡುಗಳಿಂದ ದೂರ ಎರಡು ಅಡಿ ಆಳದಲ್ಲಿ ಹೂಳಿ. ಕಾಲಲ್ಲಿ ಗಾಯ ಇಟ್ಟುಕೊಂಡು ಹಟ್ಟಿಯ ಕೆಸರಿನಲ್ಲಿ ಕೆಲಸ ಮಾಡುವವರು ಆರೋಗ್ಯ ಕೇಂದ್ರದಲ್ಲಿ ಡಾಕ್ಸಿಸೈಕ್ಲಿನ್ ಬಗ್ಗೆ ವಿಚಾರಿಸಿ. ಉಳಿದ ಕೇಕನ್ನು ತೋಡಿಗೆ ಎಸೆಯಬಾರದು. ಮುಚ್ಚಳ ಬಿಗಿಯಿರುವ ಡಬ್ಬದಲ್ಲಿ ಹಾಕಿ, ಮೇಲೆ ದೊಡ್ಡದಾಗಿ "ವಿಷ" ಅಂತ ಬರೆದು, ಬೀಗ ಇರುವ ಕಡೆ ಇಡಿ. ಕೆಲಸಕ್ಕೆ ಬರುವವರಲ್ಲಿ ಕನ್ನಡ ಓದಲು ಬಾರದವರಿದ್ದರೆ ಮಲಯಾಳದಲ್ಲೂ ಬರೆಯಿರಿ.